ಫಿಸಿಯೋ ಬರುವುದು ನಿಂತ ಮೇಲೆ: ಹೊಸ ಮಂಡಿಯನ್ನು ಮನೆಯಲ್ಲೇ ಪಳಗಿಸುವ ಬಗೆ

ಆಯಿಗೆ (ನನ್ನ ಅಮ್ಮನಿಗೆ) ಮಂಡಿ ಬದಲಾಯಿಸುವ ಆಪರೇಷನ್ ಆದ ಮೇಲೆ ಆರು ವಾರ ದಿನ ಬಿಟ್ಟು ದಿನ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗ ಕೊನೆಯ ದಿನ ಚಾ ಕುಡಿದು, "ಇನ್ನು ನೀವೇ ಮಾಡ್ಕೊಂಡು ಹೋಗಿ, ಬಿಡಬೇಡಿ" ಎಂದು ಹೇಳಿ ಬೈಕು ಹತ್ತಿದ. ಮರುದಿನ ಹತ್ತು ಗಂಟೆಗೆ ಯಾರೂ ಬರಲಿಲ್ಲ, ವ್ಯಾಯಾಮವೂ ಆಗಲಿಲ್ಲ. ಅದರ ಮರುದಿನವೂ ಅಷ್ಟೇ. ಶಿರಸಿ ಕಡೆ ಜೂನ್ ಮಳೆ ಹಿಡಿದರೆ ಗೊತ್ತಲ್ಲ, ಅಡಿಕೆ ಕೊನೆಗೆ (ಗೊನೆಗೆ) ಮದ್ದು ಹೊಡೆಸುವ ಗಡಿಬಿಡಿಯಲ್ಲಿ ಮನೆಯವರೆಲ್ಲ ತೋಟದಲ್ಲಿ. ಆಯಿ ಮಂಚದ ಮೇಲೆ, ಹಿತವಾಗುತ್ತದೆ ಎಂದು ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಮಲಗಿರುತ್ತಿದ್ದಳು. ಮೂರನೆಯ ವಾರ ಅವಳು ಕುಂಟುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಮಲಗಿಸಿ ಕಾಲು ಚಾಚಿಸಿ ನೋಡಿದರೆ ಮಂಡಿಯ ಅಡಿಯಲ್ಲಿ ನನ್ನ ಮುಷ್ಟಿ ಸಲೀಸಾಗಿ ತೂರಿತು. ಕಾಲು ನೇರವಾಗುವುದನ್ನು ಮರೆತಿತ್ತು.

ಆ ಮೂರು ವಾರದ ನಷ್ಟ ತುಂಬಿಕೊಳ್ಳಲು ನಮಗೆ ಎರಡೂವರೆ ತಿಂಗಳು ಬೇಕಾಯಿತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯವರು ಈ ಆಪರೇಷನ್ನಿಗೆ ಸಾಮಾನ್ಯವಾಗಿ ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಗೋವಾ ಎಂದು ಹೋಗುತ್ತಾರೆ. ಮಾಡಿದ ಡಾಕ್ಟರು ದೂರದ ಊರಿನಲ್ಲಿ, ಫಿಸಿಯೋ ಕೆಲವು ವಾರದ ಅತಿಥಿ. ಆಮೇಲೆ ಉಳಿಯುವವರು ರೋಗಿ ಮತ್ತು ಮನೆಯವರು. ಆದರೆ ಆರು ವಾರಕ್ಕೆ ಮುಗಿಯುವುದು ಗಾಯ ಮಾಯುವ ಕೆಲಸ ಮಾತ್ರ. ಆಪರೇಷನ್ ಆದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ತನ್ನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಅದು ತಾನಾಗಿ ಹಿಂದೆ ಬರುವುದಿಲ್ಲ. ಮಂಡಿ ಬಗ್ಗುವುದರಲ್ಲಿ ಆಗುವ ಸುಧಾರಣೆ ಹೆಚ್ಚಿನಂಶ ಮೊದಲ ಮೂರು ತಿಂಗಳಲ್ಲೇ ಆಗಿಬಿಡುತ್ತದೆ. ಬಲ ಮತ್ತು ನಡಿಗೆ ಮಾತ್ರ ಒಂದು ವರ್ಷದವರೆಗೂ ಸುಧಾರಿಸುತ್ತಲೇ ಇರುತ್ತವೆ.

ಒಂದು ಮಾತು ಮೊದಲೇ. ಇಲ್ಲಿರುವುದು ಸಾಮಾನ್ಯವಾಗಿ ಒಂದು ಮಂಡಿ ಬದಲಾಯಿಸಿಕೊಂಡು, ಗಾಯ ಪೂರ್ತಿ ಒಣಗಿ, ಕೋಲು ಹಿಡಿದೋ ಹಿಡಿಯದೆಯೋ ನಡೆಯುತ್ತಿರುವವರಿಗೆ. ನಿಮ್ಮ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಲಿ.

ಅಳೆದು ಬರೆದಿಡಿ

ಫಿಸಿಯೋ ನಮ್ಮ ಮನೆಯಲ್ಲಿ ಮಾಡುತ್ತಿದ್ದ ದೊಡ್ಡ ಕೆಲಸ ಕಾಲು ಎತ್ತಿಸುವುದಲ್ಲ, ಗಮನಿಸುವುದು. ನಿನ್ನೆಗಿಂತ ಇವತ್ತು ಹೇಗಿದೆ ಎಂದು ಅವನ ಕಣ್ಣಿಗೆ ಗೊತ್ತಾಗುತ್ತಿತ್ತು. ಅವನು ಹೋದ ಮೇಲೆ ಆ ಕಣ್ಣು ಮನೆಯಲ್ಲಿ ಯಾರಿಗಾದರೂ ಬರಬೇಕು. ಒಂದು ಹಳೆ ನೋಟ್‌ಬುಕ್, ಟೈಲರ್ ಟೇಪು, ಗಡಿಯಾರ ಇದ್ದರೆ ಸಾಕು. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಎಂದು ಗೊತ್ತುಮಾಡಿಕೊಳ್ಳಿ.

ಮೊದಲು ನೇರ ಎಷ್ಟಾಗುತ್ತದೆ ನೋಡಿ. ಗಟ್ಟಿ ಮಂಚದ ಮೇಲೆ ಕಾಲು ಚಾಚಿ ಮಲಗಲಿ. ಮಂಡಿಯ ಹಿಂಭಾಗ ಹಾಸಿಗೆಗೆ ತಾಗುತ್ತಿದೆಯೇ, ಕೆಳಗೆ ಬೆರಳು ತೂರುತ್ತದೆಯೇ, ಮುಷ್ಟಿ ತೂರುತ್ತದೆಯೇ? ಇನ್ನೊಂದು ಕಾಲಿನ ಜೊತೆ ಹೋಲಿಸಿ. ಮೊಬೈಲಿನಲ್ಲಿ ಬದಿಯಿಂದ ಒಂದು ಫೋಟೋ ತೆಗೆದಿಡಿ, ಪ್ರತಿ ವಾರ ಅದೇ ಜಾಗ, ಅದೇ ಎತ್ತರದಿಂದ. ನಾನು ಇದನ್ನು ಮೊದಲೇ ಮಾಡಿದ್ದರೆ ಮೂರು ವಾರ ಮೋಸ ಹೋಗುತ್ತಿರಲಿಲ್ಲ.

ಬಗ್ಗುವುದನ್ನು ಅಳೆಯಲು ಕುರ್ಚಿಯಲ್ಲಿ ಕೂರಿಸಿ, ಹಿಮ್ಮಡಿಯನ್ನು ಆದಷ್ಟು ಹಿಂದಕ್ಕೆ ಎಳೆದುಕೊಳ್ಳಲು ಹೇಳಿ. ಹಿಮ್ಮಡಿ ಬಂದು ನಿಂತಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಕುರ್ಚಿ ಜರುಗಬಾರದು, ಸೊಂಟ ಎತ್ತಬಾರದು. ಗೆರೆ ವಾರವಾರವೂ ಹಿಂದೆ ಸರಿಯುವುದನ್ನು ನೋಡುವುದು ರೋಗಿಗೆ ನಾವು ಹೇಳುವ ಯಾವ ಸಮಾಧಾನಕ್ಕಿಂತ ದೊಡ್ಡದು.

ಬಲಕ್ಕೊಂದು ಪರೀಕ್ಷೆ ಇದೆ. 17 ಇಂಚು ಎತ್ತರದ, ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಎಣಿಸಿ. 65ರಿಂದ 69ರ ವಯಸ್ಸಿನ ಹೆಂಗಸರು 11ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಮಾಡಿದರೆ ಬಲ ಸಾಲದು ಎಂದು ಲೆಕ್ಕ. ಶುರುವಿನಲ್ಲಿ ಕೈ ಊರದೆ ಒಂದೂ ಆಗದಿರಬಹುದು, ಆಯಿಗೆ ಆಗಿರಲಿಲ್ಲ. ಇನ್ನೊಂದು, ಕುರ್ಚಿಯಿಂದ ಎದ್ದು 10 ಅಡಿ ನಡೆದು ತಿರುಗಿ ಬಂದು ಕೂರುವುದು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ, ಕೋಲು ಬಿಡಲು ಅವಸರ ಬೇಡ.

ಕೊನೆಗೆ ಬಾವು. ಮಂಡಿಚಿಪ್ಪಿನ ನಡುವೆ ಟೇಪು ಸುತ್ತಿ ಅಳತೆ ಬರೆಯಿರಿ. ಇದನ್ನು ಮಾತ್ರ ವ್ಯಾಯಾಮ ಹೆಚ್ಚಿಸಿದ ಮರುದಿನವೂ ಮಾಡಬೇಕು, ಯಾಕೆಂದು ಮುಂದೆ ಹೇಳುತ್ತೇನೆ.

ಬಗ್ಗುವುದಕ್ಕಿಂತ ಮೊದಲು ನೇರವಾಗಲಿ

ನೋಡಲು ಬಂದ ನೆಂಟರೆಲ್ಲ ಕೇಳುವುದು ಒಂದೇ, "ಈಗ ಎಷ್ಟು ಬಗ್ತು?" ನೇರವಾಗುತ್ತದೆಯೇ ಎಂದು ಕೇಳಿದವರು ಒಬ್ಬರೂ ಇಲ್ಲ. ಮಂಡಿ ಪೂರ್ತಿ ನೇರವಾಗದಿದ್ದರೆ ಆ ಕಾಲು ಗಿಡ್ಡವಾದಂತಾಗಿ ಕುಂಟು ಬರುತ್ತದೆ, ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕಾಗುತ್ತದೆ, ಸಂಜೆಗೆ ಸೊಂಟನೋವು ಬರುತ್ತದೆ, ಇನ್ನೊಂದು ಮಂಡಿಯೂ ಸೋಲುತ್ತದೆ. ಹತ್ತು ಡಿಗ್ರಿ ಕಡಿಮೆ ಬಗ್ಗಿದರೆ ಎತ್ತರದ ಕುರ್ಚಿಯಲ್ಲಿ ಕೂತು ಬದುಕಬಹುದು. ಹತ್ತು ಡಿಗ್ರಿ ನೇರವಾಗದಿದ್ದರೆ ಪ್ರತಿ ಹೆಜ್ಜೆಗೂ ದಂಡ ತೆರಬೇಕು.

ಆದ್ದರಿಂದ ಮಂಡಿಯ ಕೆಳಗಿನ ದಿಂಬನ್ನು ಇವತ್ತೇ ತೆಗೆಯಿರಿ. ಬಾವು ಇಳಿಯಲು ಕಾಲು ಎತ್ತರದಲ್ಲಿ ಇರಬೇಕು ನಿಜ. ಆಗ ದಿಂಬು ಹಿಮ್ಮಡಿಯ ಕೆಳಗೆ ಇರಲಿ, ಮಂಡಿಯ ಕೆಳಗೆ ಬೇಡ.

ಮಾಡುವ ಕ್ರಮ ಹೀಗೆ. ದಪ್ಪ ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಕೆಳಗೆ ಖಾಲಿ ಇರಬೇಕು. ಕಾಲಿನ ಬೆರಳು ಮೇಲಕ್ಕೆ ನೋಡುತ್ತಿರಲಿ, ಪಾದ ಹೊರಗೆ ಮಗುಚಬಾರದು. ಹಾಗೇ ಸಡಿಲ ಬಿಟ್ಟು ಹತ್ತು ನಿಮಿಷ. ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಹಿಂಭಾಗ ಸೆಳೆಯುತ್ತದೆ, ಸೆಳೆತ ಸಹಜ, ಚುಚ್ಚುವ ನೋವು ಬಂದರೆ ನಿಲ್ಲಿಸಿ. ದಿನಕ್ಕೆ ಮೂರು ಸಲ. ಆಯಿ ಬೆಳಿಗ್ಗೆ ಕವಳ (ಎಲೆ ಅಡಿಕೆ) ಹಾಕುವಾಗ ಒಂದು, ಮಧ್ಯಾಹ್ನ ಊಟದ ನಂತರ ಒಂದು, ರಾತ್ರಿ ಟಿವಿ ಮುಂದೆ ಇನ್ನೊಂದು ಎಂದು ಹೊಂದಿಸಿಕೊಂಡಳು. ಟಿವಿ ಮುಂದೆ ಎದುರು ಕುರ್ಚಿಯ ಮೇಲೆ ಹಿಮ್ಮಡಿ ಇಟ್ಟರೂ ಇದೇ ವ್ಯಾಯಾಮ. ಎರಡು ವಾರವಾದರೂ ಅಲ್ಲೇ ಇದ್ದರೆ ಅರ್ಧ ಕಿಲೋ ಅಕ್ಕಿಯನ್ನು ಬಟ್ಟೆ ಚೀಲಕ್ಕೆ ಹಾಕಿ ಮಂಡಿಚಿಪ್ಪಿನ ಸ್ವಲ್ಪ ಮೇಲೆ, ತೊಡೆಯ ಕೆಳತುದಿಗೆ ಇಡಬಹುದು. ಯಾರೂ ಕೈಯಿಂದ ಒತ್ತಬಾರದು. ನಾಟಿ ಮದ್ದಿನವರು ಉಜ್ಜಿ, ಜಗ್ಗಿ ಸರಿ ಮಾಡುತ್ತೇವೆ ಎಂದು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಆದರೂ ಬೇಡ ಎನ್ನಬೇಕು.

ಚಾಚಿದ ತಕ್ಷಣ ಸ್ನಾಯುವನ್ನು ಎಚ್ಚರಿಸಿ. ಮಂಡಿಯನ್ನು ಹಾಸಿಗೆಗೆ ಒತ್ತಿ, ತೊಡೆ ಬಿಗಿ ಹಿಡಿದು, ಐದು ಎಣಿಸಿ ಬಿಡುವುದು. ಹತ್ತು ಸಲ. ಚಾಚಿ ಗಳಿಸಿದ್ದನ್ನು ಸ್ನಾಯು ಹಿಡಿದಿಟ್ಟುಕೊಳ್ಳದಿದ್ದರೆ ರಾತ್ರಿ ಬೆಳಗಾಗುವುದರಲ್ಲಿ ಅದು ಹಿಂದಿನಂತೆಯೇ.

ಬಗ್ಗುವ ಲೆಕ್ಕ

ಸಮನೆಲದಲ್ಲಿ ನಡೆಯಲು 60ರಿಂದ 70 ಡಿಗ್ರಿ ಸಾಕು. ಮೆಟ್ಟಿಲಿಗೆ 90ರ ಆಸುಪಾಸು, ತಗ್ಗಿನ ಕುರ್ಚಿಯಿಂದ ಏಳಲು 100ಕ್ಕಿಂತ ಹೆಚ್ಚು ಬೇಕು. ನೆಲದ ಮೇಲೆ ಮಣೆ ಹಾಕಿ ಕೂರುವುದಕ್ಕೆ ಬೇಕಾಗುವುದು ಇದಕ್ಕಿಂತ ಬಹಳ ಮೇಲೆ. ಬಹುಪಾಲು ಡಾಕ್ಟರುಗಳು ಅದನ್ನೂ ಕುಕ್ಕರಗಾಲಿನಲ್ಲಿ ಕೂರುವುದನ್ನೂ ಬಿಡಿ ಎನ್ನುತ್ತಾರೆ.

ಕುರ್ಚಿಯಲ್ಲಿ ಕೂತು ಹಿಮ್ಮಡಿ ಹಿಂದಕ್ಕೆ ಜಾರಿಸುವುದು, ಹಿಂದೆ ಹೋದಲ್ಲಿ ಇನ್ನೊಂದು ಕಾಲನ್ನು ಮುಂದಿನಿಂದ ಅಡ್ಡ ಹಾಕಿ ಮೆಲ್ಲಗೆ ಒತ್ತುವುದು, ಹತ್ತು ಎಣಿಸುವುದು. ಪಾದದ ಕೆಳಗೆ ಹಳೆ ಬಟ್ಟೆ ಇದ್ದರೆ ಗಾರೆ ನೆಲದ ಮೇಲೆ ಚೆನ್ನಾಗಿ ಜಾರುತ್ತದೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆರೆಂಟು ವಾರ ಕಳೆದರೂ 90 ಡಿಗ್ರಿ ದಾಟದಿದ್ದರೆ, ಅಂದರೆ ಕುರ್ಚಿಯಲ್ಲಿ ಕೂತಾಗ ಹಿಮ್ಮಡಿ ಮಂಡಿಗಿಂತ ಹಿಂದೆ ಬರುತ್ತಲೇ ಇಲ್ಲವಾದರೆ, ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಮರಗಟ್ಟಿದ ಮಂಡಿಯನ್ನು ಅರಿವಳಿಕೆ ಕೊಟ್ಟು ಬಗ್ಗಿಸುವ ಉಪಾಯ ಅವರ ಬಳಿ ಇದೆ, ಆದರೆ ಅದು ಚೆನ್ನಾಗಿ ಫಲ ಕೊಡುವುದು ಮೊದಲ ಮೂರು ತಿಂಗಳೊಳಗೆ. ಮಳೆ ಕಡಿಮೆಯಾಗಲಿ, ಕೊನೆಕೊಯ್ಲು ಮುಗಿಯಲಿ ಎಂದು ಮುಂದೂಡುವ ವಿಷಯ ಅಲ್ಲ.

ತೊಡೆಗೆ ಬಲ

ಎಲ್ಲಕ್ಕಿಂತ ಹೆಚ್ಚು ಕಾಲ, ಹೆಚ್ಚು ತಾಳ್ಮೆ ಬೇಡುವುದು ಇದು. ಚಾಚುವುದು, ಬಗ್ಗಿಸುವುದು ದಿನಾ ಇರಲಿ. ಬಲದ ವ್ಯಾಯಾಮ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಸ್ನಾಯು ಬೆಳೆಯುವುದು ಆ ಬಿಡುವಿನಲ್ಲಿ.

ಮೊದಲನೆಯದು ಮಲಗಿ ಕಾಲು ಎತ್ತುವುದು. ಇನ್ನೊಂದು ಕಾಲು ಮಡಚಿರಲಿ. ಆಪರೇಷನ್ ಕಾಲನ್ನು ಬಿಗಿ ಹಿಡಿದು ಒಂದು ಅಡಿ ಎತ್ತಿ, ಮೂರು ಎಣಿಸಿ, ಮೆಲ್ಲಗೆ ಇಳಿಸಿ. ಎತ್ತುವಾಗ ಮಂಡಿ ಸಡಿಲಾಗಿ ಸ್ವಲ್ಪ ಬಾಗುತ್ತದೆಯೇ ಎಂದು ಬದಿಯಲ್ಲಿ ನಿಂತು ನೋಡಿ. ಬಾಗಿದರೆ ಇನ್ನೂ ಒಂದು ವಾರ ಒತ್ತಿ ಹಿಡಿಯುವ ವ್ಯಾಯಾಮವನ್ನೇ ಹೆಚ್ಚು ಮಾಡಬೇಕು. ಹತ್ತರಂತೆ ಮೂರು ಸರದಿ ಸಲೀಸಾಗಿ ಆದರೆ ಕಣಕಾಲಿಗೆ ಅರ್ಧ ಕಿಲೋ ಚೀಲ.

ಎರಡನೆಯದು ಕುರ್ಚಿಯಿಂದ ಏಳುವುದು. ಒಂದೇ ವ್ಯಾಯಾಮ ಮಾಡಲು ಸಮಯ ಇದೆ ಎಂದಾದರೆ ನಾನು ಇದನ್ನೇ ಆರಿಸುತ್ತೇನೆ. ಕುರ್ಚಿಯ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿ. ಪಾದಗಳು ಹಿಂದಿರಲಿ, ಮೂಗು ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು, ಮೂರು ಎಣಿಸುತ್ತಾ ಕೂರಬೇಕು, ದೊಪ್ಪನೆ ಬೀಳಬಾರದು. ಇಲ್ಲೊಂದು ಮೋಸ ನಡೆಯುತ್ತದೆ. ವರ್ಷಗಟ್ಟಲೆ ನೋವಿನ ಕಾಲನ್ನು ಕಾಪಾಡಿ ಅಭ್ಯಾಸವಾದ ಮೈ, ನೋವು ಹೋದ ಮೇಲೂ ಎಲ್ಲ ಭಾರವನ್ನು ಇನ್ನೊಂದು ಕಾಲಿಗೇ ದಾಟಿಸುತ್ತದೆ. ಎದುರು ನಿಂತು ನೋಡಿದರೆ ಸೊಂಟ ಒಂದು ಬದಿಗೆ ಸರಿಯುವುದು ಕಾಣುತ್ತದೆ. ಹಾಗಿದ್ದರೆ ಒಳ್ಳೆಯ ಕಾಲನ್ನು ಅರ್ಧ ಪಾದದಷ್ಟು ಮುಂದಿಡಿಸಿ. ಹೊಸ ಮಂಡಿ ದುಡಿಯಲೇಬೇಕಾಗುತ್ತದೆ. ಐದು ಸಲದಿಂದ ಶುರು ಮಾಡಿ, ಹತ್ತಾದ ಮೇಲೆ ಕಂಬಳಿಯ ಒಂದು ಮಡಿಕೆ ತೆಗೆಯಿರಿ.

ಮೂರನೆಯದು ಮೆಟ್ಟಿಲು. ನಮ್ಮ ಕಡೆಯ ಹಳೆ ಮನೆಗಳ ಜಗಲಿ ಮೆಟ್ಟಿಲು ಎಂಟೊಂಬತ್ತು ಇಂಚು ಇರುವುದುಂಟು, ಶುರುವಿಗೆ ಅದು ಜಾಸ್ತಿ. ಅಲುಗಾಡದ ನಾಲ್ಕು ಇಂಚಿನ ಹಲಗೆಯ ಮೇಲೆ ಹೊಸ ಮಂಡಿಯ ಕಾಲನ್ನು ಇಟ್ಟು, ಜಗಲಿಯ ಕಂಬ ಹಿಡಿದು, ಅದೇ ಕಾಲಿನ ಬಲದಿಂದ ಮೇಲೇಳುವುದು. ಕೆಳಗಿನ ಕಾಲಿನಿಂದ ನೂಕಬಾರದು. ಮೆಲ್ಲಗೆ ಇಳಿಯುವುದು. ನಾಲ್ಕಾದ ಮೇಲೆ ಆರು, ಆಮೇಲೆ ಜಗಲಿಯದೇ ಮೆಟ್ಟಿಲು. ದಿನಬಳಕೆಯಲ್ಲಿ ಮೆಟ್ಟಿಲು ಹತ್ತುವಾಗ ಮಾತ್ರ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು ಎಂಬ ಹಳೆಯ ಸೂತ್ರವೇ ಇರಲಿ, ಬಲ ಸಮವಾಗುವ ತನಕ.

ಇವುಗಳ ಜೊತೆ ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಕಾಲನ್ನು ಬದಿಗೆ ಎತ್ತುವುದು, ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲುವುದು. ಅನ್ನ ಬೇಯುವ ಹೊತ್ತಿನಲ್ಲಿ ಮೂರೂ ಮುಗಿಯುತ್ತವೆ.

"ಇಂದಿಗೆ ಸಾಕೇ ಕೂಸೇ, ಇನ್ನು ಆಗ್ತಿಲ್ಲೆ" ಎಂದು ಆಯಿ ಎಷ್ಟೋ ದಿನ ಹೇಳಿದ್ದುಂಟು. ಸೋಮಾರಿತನವೋ ನಿಜವಾದ ದಣಿವೋ ಎಂದು ಹೇಗೆ ತಿಳಿಯುವುದು? ಮಂಡಿಯನ್ನೇ ಕೇಳಬೇಕು. ವ್ಯಾಯಾಮದ ನಂತರ ನೋವು ಸ್ವಲ್ಪ ಏರಿ, ಒಂದೆರಡು ಗಂಟೆಯಲ್ಲಿ ಇಳಿದರೆ ಪ್ರಮಾಣ ಸರಿ ಇದೆ. ಮರುದಿನ ಬೆಳಿಗ್ಗೆಯೂ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ, ಅಥವಾ ಟೇಪಿನ ಅಳತೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಏರಿದ್ದರೆ, ನಿನ್ನೆಯದು ಅತಿಯಾಯಿತು. ಎರಡು ದಿನ ಬಲದ ವ್ಯಾಯಾಮ ಬಿಟ್ಟು, ಬರೀ ಚಾಚಿ ಬಗ್ಗಿಸಿ, ಮತ್ತೆ ಅರ್ಧದಿಂದ ಶುರು. ಪೂರ್ತಿ ನಿಲ್ಲಿಸುವುದು ಮಾತ್ರ ಇಲ್ಲ.

ಬಾವು, ತಂಪು, ಮಾತ್ರೆ

ಮೂರರಿಂದ ಆರು ತಿಂಗಳವರೆಗೆ ಸಂಜೆ ಬಾವು ಬರುವುದು, ಮುಟ್ಟಿದರೆ ಬೆಚ್ಚಗಿರುವುದು ಹೆಚ್ಚಿನವರಿಗೆ ಸಹಜ. ನಡೆಯುವಾಗ ಟಕ್ ಟಕ್ ಎನ್ನುವುದು ಲೋಹ ಮತ್ತು ಪ್ಲಾಸ್ಟಿಕ್ ತಾಗುವ ಸದ್ದು, ನೋವಿಲ್ಲದಿದ್ದರೆ ಹೆದರಬೇಕಿಲ್ಲ. ಗಾಯದ ಗೆರೆಯ ಹೊರಬದಿಯಲ್ಲಿ ಜೋಮು ಇರುತ್ತದೆ. ಅಲ್ಲಿಯ ಸಣ್ಣ ನರ ಕತ್ತರಿಸಿ ಹೋಗಿರುತ್ತದೆ. ಜೋಮಿನ ಜಾಗ ಕಾಲಕ್ರಮೇಣ ಕುಗ್ಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು.

ವ್ಯಾಯಾಮದ ನಂತರ 15–20 ನಿಮಿಷ ತಂಪು ಕೊಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮಂಜುಗಡ್ಡೆಯ ಚೂರು ತುಂಬಿ, ನಡುವೆ ಪಂಚೆ ಬಟ್ಟೆ ಹಾಕಬೇಕು. ಜೋಮು ಹಿಡಿದ ಚರ್ಮಕ್ಕೆ ಸುಡುವ ತಂಪು ಗೊತ್ತಾಗುವುದಿಲ್ಲ, ನೇರ ಇಟ್ಟರೆ ಬೊಕ್ಕೆ ಏಳುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಬಾವಿಯ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಐದೈದು ನಿಮಿಷಕ್ಕೆ ಬದಲಿಸಿದರೂ ಆಗುತ್ತದೆ. ಬಾವು ಇರುವ ತನಕ ಬಿಸಿ ಶಾಖ ಬೇಡ. ಎಣ್ಣೆ ತಿಕ್ಕುವುದಿದ್ದರೆ ಗಾಯದ ಕಲೆಯ ಮೇಲೆ ಒಂದು ಚುಕ್ಕೆ ಹಕ್ಕಳೆಯೂ ಉಳಿಯದ ಮೇಲೆ, ಬೆರಳ ತುದಿಯಿಂದ, ಅಷ್ಟೇ. ದೀಪಾವಳಿಯ ಎಣ್ಣೆಸ್ನಾನಕ್ಕೆ ಆ ವರ್ಷ ಪಾದಕ್ಕೆ ಎಣ್ಣೆ ಹಚ್ಚಬೇಡಿ.

ನೋವಿನ ಮಾತ್ರೆಯ ವಿಷಯ ಗಂಭೀರ. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಡೈಕ್ಲೋಫೆನಾಕ್‌ನಂಥವು ಹಾನಿ ಮಾಡುತ್ತವೆ. ಎಷ್ಟು, ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮನೆಯೊಳಗೆ

ಬಚ್ಚಲು ಮನೆಯಿಂದ ಶುರು ಮಾಡಿ, ಬೀಳುವುದು ಅಲ್ಲಿ. ಗೋಡೆಗೆ ಹಿಡಿಕೆ, ರಬ್ಬರ್ ಕಾಲಿನ ಎತ್ತರದ ಸ್ಟೂಲು, ಜಾರದ ಮ್ಯಾಟು. ಹಂಡೆಯ ಬಿಸಿನೀರನ್ನು ತೋಡಿ ಬಕೆಟ್ಟಿಗೆ ಹಾಕಿಕೊಡುವುದು ಬೇರೆಯವರ ಕೆಲಸ. ಕಮೋಡ್ ಇಲ್ಲದಿದ್ದರೆ ಸಾದಾ ಪಾಯಿಖಾನೆಯ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಪಾಯಿಖಾನೆ ಅಂಗಳದಾಚೆ ಇರುವ ಮನೆಗಳಲ್ಲಿ ರಾತ್ರಿ ಹೊತ್ತಿಗೆ ಒಳಗೇ ವ್ಯವಸ್ಥೆ ಇರಲಿ. ಸಂಕೋಚಕ್ಕಿಂತ ಸೊಂಟದ ಎಲುಬು ದೊಡ್ಡದು.

ಕೆಲಸದಿಂದ ದೂರ ಇಡಬೇಡಿ. "ನೀ ಕೂತ್ಕ, ನಾ ಮಾಡ್ತೆ" ಎಂಬ ನಮ್ಮ ಅಕ್ಕರೆಯೇ ಆಯಿಯ ಕಾಲನ್ನು ಹೆಚ್ಚು ಕೆಡಿಸಿತು ಎಂದು ನನಗೆ ಆಮೇಲೆ ತಿಳಿಯಿತು. ಕೆಲಸದ ಎತ್ತರ ಬದಲಿಸಿ, ಕೆಲಸ ಕಸಿಯಬೇಡಿ. ಇದೇ ಆಪರೇಷನ್ ಆದ ಕಾರವಾರದ ಚಿಕ್ಕಮ್ಮ ಈಳಿಗೆ ಮಣೆಯನ್ನು ಅಟ್ಟಕ್ಕೆ ಹಾಕಿ ಬಂಗಡೆಯನ್ನು ಕಟ್ಟೆಯ ಮೇಲೆ ಚಾಕುವಿನಿಂದ ಕೊಯ್ಯಲು ಕಲಿತಳು. ನಮ್ಮ ಮನೆಯಲ್ಲಿ ಬಡಗಿ ಬಂದು ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಉದ್ದದ ಬೆಂಚಿಗೆ ಕೂಡಿಸಿಕೊಟ್ಟ, ಆಯಿ ಕುರ್ಚಿಯಲ್ಲಿ ಕೂತು ಸುಲಿಯುತ್ತಾಳೆ. ಗಂಟೆಗೆ ಎರಡು ಸಲ ಎದ್ದು ಓಡಾಡಬೇಕು ಎಂಬುದೊಂದು ಷರತ್ತು. ದೇವರಿಗೆ ನಮಸ್ಕಾರ ನಿಂತೇ ಮಾಡಬಹುದು.

ಬಿದ್ದರೆ ಏಳುವುದನ್ನೂ ಕಲಿಸಿಡಿ. ಗಾಬರಿಯಲ್ಲಿ ತೋಳು ಹಿಡಿದು ಎಳೆಯಬಾರದು. ಮೊದಲು ಉಸಿರು ತಗೊಂಡು, ಎಲ್ಲಿ ನೋವು ಎಂದು ನೋಡಿಕೊಳ್ಳಲಿ. ಕಾಲು ತಿರುಚಿದಂತಿದ್ದರೆ, ಭಾರ ಹಾಕಲು ಆಗದಿದ್ದರೆ ಅಲ್ಲೇ ಮಲಗಿಸಿ 108ಕ್ಕೆ ಫೋನ್ ಮಾಡಿ. ಸರಿ ಇದ್ದರೆ ಬದಿಗೆ ಹೊರಳಿ, ಕೈಯೂರಿ, ದಿಂಬಿನ ಮೇಲೆ ಮಂಡಿಯೂರಿ, ಎದುರಿಗೆ ಗಟ್ಟಿ ಕುರ್ಚಿ ಇಟ್ಟು, ಒಳ್ಳೆಯ ಕಾಲಿನ ಪಾದವನ್ನು ಮುಂದೆ ಊರಿ ಮೇಲೇಳಬೇಕು.

ಮಳೆಗಾಲದ ನಡಿಗೆ, ಮಳೆಗಾಲದ ಸೋಂಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹೊರಗೆ ನಡೆಯಿರಿ ಎನ್ನುವುದು ಸುಲಭ, ಹಾವಸೆ ಕಟ್ಟಿದ ಅಂಗಳದಲ್ಲಿ ಕಾಲಿಡುವುದು ಕಷ್ಟ. ಜಗಲಿಯಲ್ಲೇ ನಡೆಯಲಿ. 30 ಅಡಿಯ ಜಗಲಿಯಲ್ಲಿ 17 ಸಲ ಹೋಗಿ ಬಂದರೆ 300 ಮೀಟರ್ ದಾಟುತ್ತದೆ. ಬೆಳಿಗ್ಗೆ, ಸಂಜೆ ಐದೈದು ನಿಮಿಷದಿಂದ ಶುರು ಮಾಡಿ ವಾರಕ್ಕೆ ಎರಡು ನಿಮಿಷ ಏರಿಸಿ. ಹಿಮ್ಮಡಿ ಮೊದಲು ತಾಗಲಿ, ಆ ಕ್ಷಣ ಮಂಡಿ ನೇರವಾಗಿರಲಿ, ಎರಡೂ ಕಾಲಿನ ಹೆಜ್ಜೆಯ ಸದ್ದು ಒಂದೇ ತಾಳದಲ್ಲಿ ಕೇಳಲಿ. ತಾಳ ತಪ್ಪಿದರೆ ಕುಂಟು ಇದೆ ಎಂದರ್ಥ. ಕೋಲು ಹಿಡಿಯಬೇಕು, ಅದೂ ಆಪರೇಷನ್ ಕಾಲಿನ ಎದುರು ಬದಿಯ ಕೈಯಲ್ಲಿ. ಕುಂಟುತ್ತಾ ಕೋಲಿಲ್ಲದೆ ನಡೆಯುವುದಕ್ಕಿಂತ ಕೋಲು ಹಿಡಿದು ನೇರ ನಡೆಯುವುದು ಮೇಲು. ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಅಂಗಳದ ದಾರಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಒದ್ದೆಯಾದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಮೇಲೆ ಕಾಲಿಡುವುದು ಬೇಡವೇ ಬೇಡ.

ಪಾದವನ್ನು ದಿನಾ ನೋಡಬೇಕು. ಹೊಸ ಮಂಡಿಗೆ ಸೋಂಕು ಗಾಯದಿಂದ ಮಾತ್ರ ಬರುವುದಲ್ಲ. ಮೈಯ ಬೇರೆ ಕಡೆಯ ಕೀವು ರಕ್ತದ ಮೂಲಕ ಲೋಹಕ್ಕೆ ತಲುಪಬಲ್ಲದು, ವರ್ಷಗಳ ನಂತರವೂ. ನಮ್ಮಲ್ಲಿ ಬೆರಳ ಸಂದಿಯ ಕೆಸರುಹುಣ್ಣು, ಉಂಬಳ (ಜಿಗಣೆ) ಕಚ್ಚಿ ಕೆರೆದು ಆದ ಹುಣ್ಣು ಯಾರೂ ಲೆಕ್ಕಕ್ಕಿಡದ ಸಂಗತಿ. ಹೊಸ ಮಂಡಿಯವರು ಲೆಕ್ಕಕ್ಕಿಡಬೇಕು. ಕಾಲು ತೊಳೆದು ಬೆರಳ ಸಂದಿ ಒಣಗಿಸಿ, ಹುಣ್ಣಾದರೆ ಎರಡೇ ದಿನದಲ್ಲಿ ತೋರಿಸಿ. ಹುಳುಕು ಹಲ್ಲು, ಉರಿಮೂತ್ರಕ್ಕೂ ಇದೇ ಮಾತು. ಹಲ್ಲಿನ ಡಾಕ್ಟರಿಗೆ ಮಂಡಿಯ ಸಂಗತಿ ಮೊದಲೇ ಹೇಳಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು.

ಯಾವಾಗ ತಡಮಾಡದೆ ಹೊರಡಬೇಕು? ಗಾಯದ ಗೆರೆಯಿಂದ ನೀರು, ಕೀವು ಜಿನುಗಿದರೆ. ಇಳಿಯುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿ, ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ, ಚಳಿ ಬಂದರೆ. ಮೀನಖಂಡ ಊದಿ ಗಟ್ಟಿಯಾಗಿ ನೋಯತೊಡಗಿದರೆ, ಏಕೆಂದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಈ ಅಪಾಯ ಮೂರು ತಿಂಗಳವರೆಗೂ ಇದೆ. ಎದೆನೋವು, ಉಸಿರು ಕಟ್ಟುವುದು ಕಂಡರೆ ಆ ಗಳಿಗೆಯೇ 108. ಇಲಿಜ್ವರ, ಡೆಂಗಿ, ಮಂಗನ ಕಾಯಿಲೆಗಳ ನಾಡಿನಲ್ಲಿ ಜ್ವರವೆಲ್ಲ ಮಂಡಿಯದೇ ಆಗಬೇಕಿಲ್ಲ, ಆದರೂ ಯಾವ ಡಾಕ್ಟರ ಬಳಿ ಹೋದರೂ ಮಂಡಿಯಲ್ಲಿ ಲೋಹ ಇದೆ ಎಂದು ಮೊದಲ ಮಾತಿಗೇ ಹೇಳಿ. ಮಂಡಿ ಊದಿದ್ದಾಗ ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ತಾವೇ ನುಂಗಬಾರದು. ಮಂಡಿಯ ನೀರು ತೆಗೆದು ಪರೀಕ್ಷಿಸುವ ಮೊದಲು ಮಾತ್ರೆ ಹೊಟ್ಟೆಗೆ ಹೋದರೆ ಸೋಂಕು ಪತ್ತೆಯಾಗದೆ ಅಡಗಿಕೊಳ್ಳುತ್ತದೆ.

ಊಟದ ಬಗ್ಗೆ ಹೆಚ್ಚೇನಿಲ್ಲ. ಅನ್ನ, ತಂಬುಳಿ, ಅಪ್ಪೆಹುಳಿಯಿಂದ ಸ್ನಾಯು ಬೆಳೆಯದು. ವಯಸ್ಸಾದವರಿಗೆ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 60 ಕಿಲೋದವರಿಗೆ 60–70 ಗ್ರಾಂ. ಒಂದು ಲೋಟ ಹಾಲಿನಲ್ಲಿ ಸುಮಾರು 8, ಒಂದು ಮೊಟ್ಟೆಯಲ್ಲಿ 6, 100 ಗ್ರಾಂ ಬಂಗಡೆಯಲ್ಲಿ 19ರ ಹತ್ತಿರ. ಮೀನು ಮೊಟ್ಟೆ ತಿನ್ನದವರು ಹೆಸರುಕಾಳು, ಕಡಲೆ, ಮೊಸರನ್ನು ಮೂರೂ ಹೊತ್ತು ಹಂಚಿಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ಕೇಳಿ ತಿನ್ನಬೇಕು. ಕವಳದಲ್ಲಿ ಹೊಗೆಸೊಪ್ಪು ಬೇಡ, ಅದು ಗಾಯ ಮಾಯುವುದನ್ನೇ ತಡೆಯುತ್ತದೆ.

ಮೂರು ತಿಂಗಳ ನಂತರ

ಬಸ್ಸು ಹತ್ತುವ ಮುನ್ನ ಮನೆಯಲ್ಲಿ ಒಂದಡಿ ಎತ್ತರದ ಮೆಟ್ಟಿಲು ಕೈ ಹಿಡಿದು ಹತ್ತಿ ಇಳಿಯಲು ಬರಬೇಕು. ದೂರದ ಪ್ರಯಾಣದಲ್ಲಿ ಗಂಟೆಗೊಮ್ಮೆ ಕಾಲು ಚಾಚಿ, ಪಾದ ಮೇಲೆ ಕೆಳಗೆ ಆಡಿಸಿ. ದೇವಿಮನೆ ಘಟ್ಟ ಇಳಿಯುವಾಗ ತಿರುವಿಗೆ ಮೈ ವಾಲುತ್ತದೆ, ಮುಂದಿನ ಸೀಟಿಗೆ ಮಂಡಿ ಬಡಿಯದಂತೆ ಬದಿಯ ಸೀಟು ಹಿಡಿಯಿರಿ. ಸ್ಕೂಟರ್, ಕಾರು ಓಡಿಸುವುದು ಯಾವ ಕಾಲು, ಎಷ್ಟು ಬಲ ಎಂಬುದರ ಮೇಲೆ. ಡಾಕ್ಟರ ಒಪ್ಪಿಗೆ ಬೇಕು.

ಕಾರವಾರದ ಚಿಕ್ಕಮ್ಮನಿಗೆ ಸಮುದ್ರದಂಡೆಯಲ್ಲಿ ನಡೆಯುವ ಆಸೆ. ಟ್ಯಾಗೋರ್ ಕಡಲತೀರದ ಪಕ್ಕದ ಗಟ್ಟಿ ದಾರಿಯಲ್ಲಿ ಅವಳು ಒಂದು ತಿಂಗಳು ನಡೆದಳು. ಆಮೇಲೆ ಇಳಿತದ ಹೊತ್ತಿನಲ್ಲಿ ಒದ್ದೆಯಾದ ಗಟ್ಟಿ ಮರಳಿನ ಮೇಲೆ. ದಂಡೆ ನೀರಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲು ತಗ್ಗಿನಲ್ಲಿರುತ್ತದೆ, ಹೋದಷ್ಟೇ ದೂರ ವಾಪಸು ಅದೇ ದಾರಿಯಲ್ಲಿ ಬಂದರೆ ಸಮ ಆಗುತ್ತದೆ. ಹುಡಿ ಮರಳು ಆರು ತಿಂಗಳ ನಂತರದ ಮಾತು. ಅಲೆ ಬರುವಲ್ಲಿ ನಿಲ್ಲಬಾರದು, ಹಿಂದೆ ಸರಿಯುವ ನೀರು ಪಾದದಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ.

ವರ್ಷಕ್ಕೊಮ್ಮೆ ಎಕ್ಸ್‌ರೇ, ತಪಾಸಣೆ ತಪ್ಪಿಸಬೇಡಿ. ಹತ್ತರಲ್ಲಿ ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ, ಸಡಿಲಾಗುವುದು ಶುರುವಾದರೆ ನೋವಿಗಿಂತ ಮೊದಲು ಅದು ಎಕ್ಸ್‌ರೇಯಲ್ಲಿ ಕಾಣಬಹುದು. ಮಂಡಿಯ ಕಂಪನಿ, ಅಳತೆ ಬರೆದ ಚೀಟಿಯನ್ನು ಆಸ್ಪತ್ರೆಯವರು ಕೊಟ್ಟಿರುತ್ತಾರೆ. ಮಳೆಗಾಲದ ಬೂಸಲು ಹಿಡಿಯದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಒಂದು ಫೋಟೋ ಮೊಬೈಲಿನಲ್ಲಿರಲಿ.

ಆಯಿಯ ಆಸೆ ಬೇರೆ ಇತ್ತು, ತೋಟಕ್ಕೆ ಇಳಿಯಬೇಕು. ನಮ್ಮ ತೋಟ ಮನೆಯಿಂದ ಕೆಳಗೆ, ದರೆ ಕಡಿದು ಮಾಡಿದ 22 ಮೆಟ್ಟಿಲು. ಇಳಿಯಲು ಹತ್ತುವುದಕ್ಕಿಂತ ಹೆಚ್ಚು ಹಿಡಿತ ಬೇಕು, ಮೈಭಾರವನ್ನೆಲ್ಲ ಬಾಗಿದ ಮಂಡಿಯೇ ತಡೆಯಬೇಕಲ್ಲ. ಜಗಲಿ ಮೆಟ್ಟಿಲನ್ನು ಏನೂ ಹಿಡಿಯದೆ ಹತ್ತು ಸಲ ಮೆಲ್ಲಗೆ ಇಳಿಯಲು ಬಂದ ಮೇಲೆ, 30 ಸೆಕೆಂಡಿನ ಲೆಕ್ಕ 12 ಮುಟ್ಟಿದ ಮೇಲೆ, ಮಣ್ಣು ಒಣಗಿದ ಡಿಸೆಂಬರಿನಲ್ಲಿ ಹೋಗುವುದು ಎಂದು ನಿಶ್ಚಯಿಸಿದೆವು. ಅಣ್ಣ ಪ್ರತಿ ಮೆಟ್ಟಿಲನ್ನೂ ಅಗಲ ಮಾಡಿ, ಒಂದು ಬದಿಗೆ ಬಿದಿರಿನ ಕೈತಾಂಗು ಕಟ್ಟಿದ. ಮೊದಲ ದಿನ ಐದು ಮೆಟ್ಟಿಲು ಇಳಿದು ವಾಪಸು. ಮೂರು ದಿನ ಬಿಟ್ಟು, ಟೇಪಿನ ಅಳತೆ ಏರಿಲ್ಲ ಎಂದು ನೋಡಿ, ಹತ್ತು. ಸಂಕ್ರಾಂತಿಯ ಹೊತ್ತಿಗೆ ಅವಳು 22 ಮೆಟ್ಟಿಲನ್ನೂ ಇಳಿದು, ಮೊದಲ ಸಾಲಿನ ಅಡಿಕೆ ಮರ ಹಿಡಿದು ನಿಂತಳು. ಹತ್ತುವ ದಣಿವಿಗೆ ನಡುವೆ ಕೂರಲು ಹನ್ನೊಂದನೆಯ ಮೆಟ್ಟಿಲಿನ ಪಕ್ಕ ಎತ್ತರದ ಕಲ್ಲಿನ ಕಟ್ಟೆಯೊಂದನ್ನು ಆಮೇಲೆ ಕಟ್ಟಿಸಿದೆವು; ನಿಮ್ಮ ತೋಟದ ದಾರಿಯಲ್ಲಿ ಅದನ್ನು ಮೊದಲೇ ಕಟ್ಟಿಸಿ.